ಹೊಗೆಸೊಪ್ಪಿನ ಸೀಮೆಯಲ್ಲಿ ಮಕ್ಕಳ ಕಿರುದೋಟ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ — ಈ ನಾಲ್ಕು ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ವಾಚಕರಿಗೆ ವರ್ಜೀನಿಯಾ ಹೊಗೆಸೊಪ್ಪು ನೆನಪಿಗೆ ಬರುವುದು ಸಹಜ. ಇಂತಹ ಊರಿನ ಅಂಗಳದಲ್ಲಿ, ಕುಂಡಗಳಲ್ಲಿ, ಮಕ್ಕಳ ಕೈಯಿಂದಲೇ ಗೋಲಿಯ ಗಾತ್ರದ ಟೊಮೇಟೊ ಬೆಳೆಸುವ ಬಗೆಯನ್ನು ಈಗ ವಿಚಾರಿಸೋಣ. ಬೇರೆ ಕಡೆ ಇದು ಬರಿಯ ವಿನೋದ. ಇಲ್ಲಿ ಒಂದೆರಡು ಸಂಗತಿಗಳನ್ನು ತಿಳಿದೇ ಕೈಹಾಕಬೇಕು.

ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳು ಹೊಗೆಸೊಪ್ಪಿನ ದಾಯಾದಿಗಳು. ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ದಾಯಾದಿಗಳಿಗೆ ರೋಗವೂ ಹಲವು ವೇಳೆ ಸಮಾನ. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳನ್ನು ಮೂಡಿಸಿ ಗಿಡವನ್ನು ಕುಗ್ಗಿಸುವ ಮೊಸಾಯಿಕ್ ರೋಗ ಅಂತಹದು. ರೋಗಿ ಗಿಡದ ರಸವು ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದಿಂದ ಇಳಿದ ಬಳಿಕವೂ ರೋಗ ಹರಡುವುದೆಂದು ರಷ್ಯಾದ ಇವನೋವ್‌ಸ್ಕಿ 1892ರಲ್ಲಿ ಕಂಡನು. ವೈರಸ್ ವಿಜ್ಞಾನದ ಆರಂಭವೇ ಹೊಗೆಸೊಪ್ಪಿನ ಎಲೆಯಿಂದ ಆಯಿತೆನ್ನಬಹುದು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಇದನ್ನು ಹರಳಿನ ರೂಪದಲ್ಲಿ ಪಡೆದನು. 1946ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ವೈರಸ್ಸಿನ ಒಂದೊಂದು ಕಣವೂ ಒಂದು ಕಡ್ಡಿ. 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪ. ಒಂದು ಮಿಲಿಮೀಟರನ್ನು ಅಳೆಯಲು ಇಂತಹ ಸುಮಾರು 3,300 ಕಡ್ಡಿಗಳನ್ನು ಸಾಲಾಗಿ ಜೋಡಿಸಬೇಕು.

ಬ್ಯಾರನ್ನಿನ ಬಿಸಿಯಲ್ಲಿ ಬೆಂದ ಎಲೆಯಲ್ಲಿ ರೋಗಾಣು ಉಳಿದೀತೇ ಎಂದು ಕೇಳಬಹುದು. ಹದಮಾಡುವಾಗ ಉಷ್ಣತೆ ಕೊನೆಗೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ನವರೆಗೆ ಏರುತ್ತದೆ. ಆದರೆ ರಸದಲ್ಲಿರುವ ಈ ವೈರಸ್ಸನ್ನು ಹತ್ತು ನಿಮಿಷಗಳಲ್ಲಿ ನಿಷ್ಕ್ರಿಯಗೊಳಿಸಲು 90 ಡಿಗ್ರಿಗಿಂತ ಹೆಚ್ಚು ಬೇಕು. ಒಣಗಿದ ಎಲೆಯಲ್ಲಿ ಅದು ವರ್ಷಗಟ್ಟಲೆ ಉಳಿಯಬಲ್ಲದು. ಬೀಡಿ ಹಿಡಿದ ಬೆರಳಿನಿಂದಲೂ ಸಸಿಗೆ ದಾಟಬಲ್ಲದು. ಆದಕಾರಣ ಸೊಪ್ಪು ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯದೆ ಮಕ್ಕಳ ಗಿಡಗಳನ್ನು ಮುಟ್ಟಬಾರದು. ಹೊಗೆಸೊಪ್ಪಿನ ಸಸಿ ಬೆಳೆಸಿದ ತಟ್ಟೆಗಳನ್ನೂ ತೆಂಗಿನನಾರಿನ ಪುಡಿಯನ್ನೂ ಅಗ್ಗವೆಂದು ಇಲ್ಲಿಗೆ ತರುವುದು ಬೇಡ. ಹುಳು ಕಂಡರೆ ಹೊಗೆಸೊಪ್ಪಿನ ಕಷಾಯ ಎರಚುವ ಹಳೆಯ ರೂಢಿಯಂತೂ ಮಕ್ಕಳಿರುವ ತೋಟದಲ್ಲಿ ಸಲ್ಲದು. ಅದರಲ್ಲಿರುವ ನಿಕೊಟಿನ್ ವಿಷ. ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಮೈಗೆ ಸೇರುತ್ತದೆ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಹಸಿರೆಲೆ ಕೊಯ್ಯುವವರಿಗೆ ತಲೆಸುತ್ತು, ವಾಂತಿ ಬರುವುದು ಇದರಿಂದಲೇ. ಎಳೆಯ ದೇಹಕ್ಕೆ ಅಪಾಯ ಹೆಚ್ಚು. ಕೊಯ್ಲಿನ ದಿನಗಳಲ್ಲಿ ಮಕ್ಕಳನ್ನು ಸೊಪ್ಪಿನ ಹೊಲದಿಂದ ದೂರವಿಟ್ಟು ಅಂಗಳದ ಕುಂಡಗಳ ಯಜಮಾನಿಕೆಯನ್ನು ಅವರಿಗೆ ಕೊಡುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಇನ್ನು ಕುಂಡ. ಭೌತಶಾಸ್ತ್ರದವರಾದ ನಮಗೆ ಇಲ್ಲಿ ಸ್ವಲ್ಪ ಹೆಚ್ಚು ಮಾತಾಡುವ ಆಸೆ. ಕುಂಡದ ತಳದಲ್ಲಿ ತೂತಿದ್ದರೂ ನೀರೆಲ್ಲ ಇಳಿದುಹೋಗುವುದಿಲ್ಲ. ಮಣ್ಣಿನ ಕಿರುರಂಧ್ರಗಳು ತಳದಲ್ಲಿ ಒಂದು ಪದರದಷ್ಟು ನೀರನ್ನು ಹಿಡಿದಿಡುತ್ತವೆ. ಈ ಪದರದ ಎತ್ತರ ರಂಧ್ರಗಳ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಕುಂಡದ ಎತ್ತರವನ್ನಲ್ಲ. ಮಕ್ಕಳಿಗೆ ತೋರಿಸಲು ಒಂದು ಉದ್ದನೆಯ ಸ್ಪಂಜು ಸಾಕು. ಅದನ್ನು ನೀರಿನಲ್ಲಿ ತೋಯಿಸಿ ಅಂಗೈಮೇಲೆ ಅಡ್ಡಲಾಗಿ ಇಡಿರಿ. ತೊಟ್ಟಿಕ್ಕುವುದು ನಿಂತಮೇಲೆ ನೆಟ್ಟಗೆ ನಿಲ್ಲಿಸಿರಿ. ನೀರು ಮತ್ತೆ ಸುರಿಯುತ್ತದೆ! ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಗಿಡ್ಡ ತಟ್ಟೆಯಲ್ಲಿ ಬೇರು ಉಸಿರುಗಟ್ಟಿ ಕೊಳೆಯುವುದೂ ಹತ್ತು ಅಂಗುಲದ ಕುಂಡದಲ್ಲಿ ಸುಖವಾಗಿರುವುದೂ ಇದರಿಂದ. ತಳಕ್ಕೆ ಜಲ್ಲಿ ತುಂಬಿದರೆ ಪ್ರಯೋಜನವಿಲ್ಲ; ನೀರಿನ ಪದರ ಜಲ್ಲಿಯ ಮೇಲಕ್ಕೆ ಸರಿಯುತ್ತದೆ, ಅಷ್ಟೆ.

ದಿನಕ್ಕೆ ಆರು ಗಂಟೆಯ ಬಿಸಿಲು, ತಪ್ಪದ ನೀರು, ಆತುಕೊಳ್ಳಲು ಒಂದು ಕೋಲು — ಇಷ್ಟಿದ್ದರೆ ಕಿರುಟೊಮೇಟೊ ಬೆಳೆಯುತ್ತದೆ. ನೀರು ಒಮ್ಮೆ ಹೆಚ್ಚು ಒಮ್ಮೆ ಇಲ್ಲವಾದರೆ ದೊಡ್ಡ ಹಣ್ಣಿಗೆ ಸುಣ್ಣದ ಅಂಶ ಸರಿಯಾಗಿ ತಲಪದೆ ಅದರ ತುದಿ ಕಪ್ಪಾಗುವುದುಂಟು. ಪುಟ್ಟ ಹಣ್ಣಿಗೆ ಈ ಕಾಟ ಕಡಮೆ. ಹೂ ಬಿಟ್ಟಾಗ ಬೆಳಗಿನಲ್ಲಿ ಹೂಗೊಂಚಲನ್ನು ಬೆರಳಿನಿಂದ ಮೆಲ್ಲನೆ ಚಿಮ್ಮಬೇಕು. ಪರಾಗವು ಕೊಳವೆಯಂತಹ ಕೇಸರಗಳೊಳಗೆ ಅಡಗಿದ್ದು, ಕಂಪನದಿಂದ ಉದುರುತ್ತದೆ. ಬಯಲಿನಲ್ಲಿ ಗಾಳಿಯೂ ಗುಂಯ್‌ಗುಡುವ ದುಂಬಿಯೂ ಮಾಡುವ ಕೆಲಸವಿದು. ಜೇನುಹುಳುವಿಗೆ ಈ ವಿದ್ಯೆ ಬಾರದು.

ಮನೆಯಲ್ಲೇ ಸೊಪ್ಪು ಕಟ್ಟುವ ತಿಂಗಳುಗಳಲ್ಲಿ ಟೊಮೇಟೊ ಬಿಟ್ಟು ಮಿಡಿಸೌತೆಯನ್ನು ಹಾಕುವುದು ಜಾಣತನ. ಅದು ಬೇರೆ ಕುಟುಂಬದ್ದು. ಕರ್ನಾಟಕದಿಂದ ಹೊರದೇಶಗಳಿಗೆ ಉಪ್ಪಿನಕಾಯಿಗಾಗಿ ಹೋಗುವ ಗರ್ಕಿನ್ ಎಂಬುದೂ ಎಳೆಯದಾಗಿಯೇ ಕೊಯ್ದ ಸೌತೆಯೇ. ಇದರ ಬಳ್ಳಿಯಲ್ಲಿ ಗಂಡುಹೂ, ಹೆಣ್ಣುಹೂಗಳು ಬೇರೆಬೇರೆ. ಹೆಣ್ಣುಹೂವಿನ ಹಿಂದೆ ಅರಳುವ ಮೊದಲೇ ಒಂದು ಪುಟ್ಟ ಸೌತೆ ಇರುವುದನ್ನು ಮಕ್ಕಳೇ ಹುಡುಕಲಿ. ಬೆರಳುದ್ದವಾದೊಡನೆ ಕೊಯ್ಯುತ್ತಿದ್ದರೆ ಬಳ್ಳಿ ಕಾಯಿ ಬಿಡುತ್ತಲೇ ಇರುತ್ತದೆ. ಒಂದೆರಡು ಕಾಯಿ ಬಲಿತು ಹಳದಿಯಾಗಲು ಬಿಟ್ಟರೆ ಹೊಸ ಮಿಡಿಗಳು ಕಡಮೆಯಾಗುತ್ತವೆ.