ಹಡಗುಕಟ್ಟೆಯ ಸಂತೆಯಲ್ಲಿ ನೀರು ಕಾಣದ ಟೊಮೆಟೊ

ಶನಿವಾರ ಬೆಳಿಗ್ಗೆ ಎಂಟಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಫೆರ್ರಿ ಬಿಲ್ಡಿಂಗ್ ಸುತ್ತ ರೈತರ ಸಂತೆ ಶುರುವಾಗುತ್ತದೆ. ಮೊದಲು ಬರುವವರಲ್ಲಿ ಹೋಟೆಲುಗಳ ಬಾಣಸಿಗರೂ ಇರುತ್ತಾರೆ. ಕೈಗಾಡಿ ತಳ್ಳಿಕೊಂಡು ನೇರ ತಮ್ಮ ರೈತರ ಬಳಿಗೇ ಹೋಗಿ, ಕ್ರೇಟುಗಟ್ಟಲೆ ಸೊಪ್ಪು, ಹಣ್ಣು ಹೇರಿಕೊಂಡು ಹೊರಟುಬಿಡುತ್ತಾರೆ. ಕಟ್ಟಡದ ಹಿಂದೆಯೇ ಕೊಲ್ಲಿಯ ನೀರು. ಸಾಸಲಿಟೊ, ಓಕ್ಲೆಂಡ್ ಕಡೆಯ ದೋಣಿಗಳು ಅಲ್ಲೇ ಜನರನ್ನು ಇಳಿಸುತ್ತವೆ.

ಈ ದಡ ಜನರ ಕೈಗೆ ಮರಳಿದ್ದಕ್ಕೆ ಭೂಕಂಪವೇ ಕಾರಣ. 1898ರಲ್ಲಿ ತೆರೆದ ಫೆರ್ರಿ ಬಿಲ್ಡಿಂಗಿನ ಎದುರಿಗೇ ಎರಡಂತಸ್ತಿನ ಹೆದ್ದಾರಿಯೊಂದು ಹಾದುಹೋಗಿ, ಊರನ್ನೂ ನೀರನ್ನೂ ಬೇರೆ ಮಾಡಿತ್ತು. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಅದು ಜಖಂಗೊಂಡಿತು. 1991ರಲ್ಲಿ ಕೆಡವಲು ಶುರುಮಾಡಿದರು. ತೆರವಾದ ಆ ಪ್ರದೇಶದಲ್ಲಿ 1993ರಿಂದ ಸಂತೆ ನಿಯಮಿತವಾಗಿ ಕೂಡತೊಡಗಿತು. ಕಟ್ಟಡ ದುರಸ್ತಿಯಾದ ಮೇಲೆ, 2003ರಲ್ಲಿ, ಸಂತೆ ಈಗಿನ ಜಾಗಕ್ಕೆ ಬಂತು. ಫುಡ್‌ವೈಸ್ ಎಂಬ ಲಾಭರಹಿತ ಸಂಸ್ಥೆ ಅದನ್ನು ನಡೆಸುತ್ತಿದೆ.

ಇಲ್ಲಿ ನಾನು ಕಲಿತ ಮೊದಲ ಪಾಠ, ಹಣ್ಣಿಗಿಂತ ಮುಂಚೆ ಮಾರುವವರ ಹಿಂದೆ ತೂಗುಹಾಕಿದ ಕಾಗದ ನೋಡುವುದು. ಕೌಂಟಿಯ ಕೃಷಿ ಆಯುಕ್ತರು ಕೊಟ್ಟ ಆ ಪ್ರಮಾಣಪತ್ರದಲ್ಲಿ ಆ ರೈತ ಯಾವ ಯಾವ ಬೆಳೆ ಬೆಳೆಯುತ್ತಾನೆ ಎಂಬ ಪಟ್ಟಿ ಇರುತ್ತದೆ. ಸಗಟು ಮಂಡಿಯಲ್ಲಿ ಕೊಂಡ ಮಾಲನ್ನು ತನ್ನದೆಂದು ಮಾರುವಂತಿಲ್ಲ. 1977ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಹೊಲದಾಚೆ ಗ್ರಾಹಕರಿಗೆ ನೇರವಾಗಿ ಮಾರುವುದಕ್ಕೂ ಗಾತ್ರ, ಪ್ಯಾಕಿಂಗ್ ನಿಯಮಗಳ ಕಾಟವಿತ್ತು. ಆ ವರ್ಷ ರಾಜ್ಯ ಸರ್ಕಾರ ಇಂಥ ಸಂತೆಗಳಿಗೆ ವಿನಾಯಿತಿ ಕೊಟ್ಟಿತು. ಸೊಟ್ಟ ಕ್ಯಾರೆಟ್, ಸಣ್ಣ ಪೀಚ್ ಹಣ್ಣಿಗೂ ಮೇಜಿನ ಮೇಲೆ ಜಾಗ ಸಿಕ್ಕಿದ್ದು ಹಾಗೆ.

ಸೆಪ್ಟೆಂಬರಿನಲ್ಲಿ ಹೋದವರು ‘ಡ್ರೈ ಫಾರ್ಮ್ಡ್’ ಎಂಬ ಫಲಕದ ಮುಂದೆ ನಿಲ್ಲಲೇಬೇಕು. ಅರ್ಲಿ ಗರ್ಲ್ ತಳಿಯ ಟೊಮೆಟೊ, ದೊಡ್ಡ ನಿಂಬೆಹಣ್ಣಿಗಿಂತ ತುಸು ದಪ್ಪ. ಸಿಪ್ಪೆ ಗಟ್ಟಿ. ಕೊಯ್ದರೆ ನೀರು ಸೋರುವುದಿಲ್ಲ. ಒಳಗೆಲ್ಲ ಕಡುಗೆಂಪು ತಿರುಳು, ಸಿಹಿ ಹುಳಿ ಎರಡೂ ಜೋರು. ಸಸಿ ನಾಟಿ ಬೇರು ಹಿಡಿದ ಮೇಲೆ ಗಿಡಕ್ಕೆ ನೀರೇ ಕೊಡುವುದಿಲ್ಲ. ಚಳಿಗಾಲದ ಮಳೆಯನ್ನು ಕುಡಿದಿಟ್ಟುಕೊಂಡ ಮಣ್ಣಿನ ತೇವ ಹುಡುಕಿ ಬೇರು ಆಳಕ್ಕಿಳಿಯುತ್ತದೆ. ಇದನ್ನು ಬೆಳೆಯುವ ಸಾಂತಾ ಕ್ರೂಜ್ ಕಡೆಯ ಕರಾವಳಿಯ ಮಂಜು ಗಿಡ ಬಾಡದಂತೆ ಕಾಯುತ್ತದೆ. ಇಳುವರಿ ಕಮ್ಮಿ, ಹಾಗಾಗಿ ಬೆಲೆ ಜಾಸ್ತಿ.

ವಿಜಯಪುರದ ಕಡೆಯವರಿಗೆ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆ ಹೊಲದಲ್ಲಿ ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಇದೇ ಒಳತೇವದಲ್ಲಿ. ಅಲ್ಲಿ ಅದು ಬಡ ಒಕ್ಕಲುತನ ಅನ್ನಿಸಿಕೊಂಡರೆ, ಇಲ್ಲಿ ಅದೇ ಫಲಕ ಹಾಕಿ ಹೆಚ್ಚಿನ ಬೆಲೆ ಕೇಳುವ ಹೆಮ್ಮೆ. ನಮ್ಮ ಬಿಳಿಜೋಳಕ್ಕೂ ಇಂಥ ಫಲಕ, ಇಂಥ ಬೆಲೆ ಸಿಗಬೇಕು.

ಮತ್ತೊಂದು ಪಾಠ ಕೊಳ್ಳುವ ಕ್ರಮದ್ದು. ಮನೆಯಿಂದ ಪಟ್ಟಿ ಬರೆದುಕೊಂಡು ಹೋದರೆ ಅರ್ಧ ಸಿಗುವುದಿಲ್ಲ, ಕಾಲ ಅದಲ್ಲದಿದ್ದರೆ ಆ ಬೆಳೆ ಬರುವುದೇ ಇಲ್ಲ. ಮೊದಲು ಒಂದು ಸುತ್ತು ಸುಮ್ಮನೆ ನೋಡಿಬರಬೇಕು, ಕತ್ತರಿಸಿಟ್ಟ ಹೋಳು ರುಚಿ ನೋಡಬೇಕು. ಪೀಚ್ ಕೇಳಿದರೆ, ತಿನ್ನುವುದು ಇವತ್ತೋ ಮೂರು ದಿನ ಬಿಟ್ಟೋ ಎಂದು ಮಾರುವವರೇ ವಿಚಾರಿಸುತ್ತಾರೆ. ಉತ್ತರ ನೋಡಿ ಹಣ್ಣು ಆರಿಸಿಕೊಡುತ್ತಾರೆ. ಬೆಳೆದವರೊಡನೆ ನೇರ ಮಾತಾಡುವುದರ ಲಾಭ ಇದು. ಟೊಮೆಟೊವನ್ನು ಫ್ರಿಜ್‌ನಲ್ಲಿಡಬಾರದು, ತಂಪಿಗೆ ಪರಿಮಳ ಹೋಗುತ್ತದೆ. ಸಾರಿಗೆ, ಗೊಜ್ಜಿಗೆ ಸಾಕೆನ್ನುವವರು ಸ್ವಲ್ಪ ಒಡೆದ, ಕಲೆಯಿರುವ ಹಣ್ಣು ಇದೆಯೇ ಎಂದು ಕೇಳಿದರೆ ಕಡಿಮೆ ಬೆಲೆಗೆ ಸಿಗುತ್ತದೆ.

ಇದು ಉಳ್ಳವರ ಸಂತೆ ಎಂಬ ಮಾತಿದೆ; ಬೆಲೆ ನೋಡಿದರೆ ಅದು ಸುಳ್ಳಲ್ಲ. ಆದರೆ ಸರ್ಕಾರದ ಆಹಾರ ನೆರವು ಪಡೆಯುವವರು ಮಾಹಿತಿ ಕಟ್ಟೆಯಲ್ಲಿ ಕಾರ್ಡ್ ಉಜ್ಜಿ ಟೋಕನ್ ಪಡೆಯಬಹುದು. ‘ಮಾರ್ಕೆಟ್ ಮ್ಯಾಚ್’ ಯೋಜನೆಯಲ್ಲಿ ಒಂದು ಮಿತಿಯವರೆಗೆ ಅದಕ್ಕೆ ಸಮನಾದ ಮೊತ್ತ ಹಣ್ಣು ತರಕಾರಿಗೆಂದೇ ಸೇರುತ್ತದೆ.

ಬೇ ಏರಿಯಾದ ಕನ್ನಡ ಮನೆಗಳವರು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ, ಆ ಟೊಮೆಟೊ ಬೆಳೆದವರ ಹತ್ತಿರ ಮಾತಾಡಿಸಿ. ಶನಿವಾರದ ಸಂತೆ ಮಧ್ಯಾಹ್ನ ಎರಡರವರೆಗೆ ಇರುತ್ತದೆ. ಒಳ್ಳೆಯ ಮಾಲು ಬೇಕಿದ್ದವರು ಎಂಟಕ್ಕೇ ಹೋಗುವುದು ಮೇಲು.