ಇಂಧನಕೋಶದೊಳಗಿನ ನೀರಿನ ಲೆಕ್ಕ

ಆಲಮೇಲದ ಸುತ್ತಿನ ಎರೆಹೊಲದವರಿಗೆ ನೀರಿನ ಎರಡೂ ಕಷ್ಟಗಳು ಗೊತ್ತು. ನೀರು ಸಾಲದಿದ್ದರೆ ನೆಲ ಬಿರಿಯುತ್ತದೆ, ಹೆಚ್ಚಾದರೆ ಜವಳಾಗುತ್ತದೆ. ನಮ್ಮ ಹೊಲದ ತಗ್ಗಿನ ಅರ್ಧ ಎಕರೆ ಹೀಗೆ ಜವಳು ಹಿಡಿದು ಜೋಳಕ್ಕೆ ಬಾರದಾಗಿದೆ. ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಇಂಧನಕೋಶದ ವಿಚಾರ ತಿಳಿದದ್ದು ಆ ಅರ್ಧ ಎಕರೆಯ ದೆಸೆಯಿಂದ.

ಜಲಜನಕ, ಆಮ್ಲಜನಕಗಳನ್ನು ಸುಡದೆ ಕೂಡಿಸಿ ವಿದ್ಯುತ್ತನ್ನು ಪಡೆಯುವ ಸಾಧನವೇ ಇಂಧನಕೋಶ. 1839ರಲ್ಲಿಯೇ ವಿಲಿಯಂ ಗ್ರೋವ್ ಎಂಬಾತನು ಇಂಥದನ್ನು ವರ್ಣಿಸಿದ್ದನು. ಇಂದು ಬಹಳ ಬಳಕೆಯಲ್ಲಿರುವ ಒಂದು ಬಗೆಯ ಕೋಶದ ನಡುವೆ ತೆಳುವಾದ ಪೊರೆಯಿರುತ್ತದೆ. ಜಲಜನಕ ಒಡೆದು, ಪ್ರೋಟಾನುಗಳು ಪೊರೆಯೊಳಗಿಂದ, ಇಲೆಕ್ಟ್ರಾನುಗಳು ಹೊರಗಿನ ತಂತಿಯಿಂದ ಆಚೆಗೆ ಹೋಗುತ್ತವೆ. ಅಲ್ಲಿ ಆಮ್ಲಜನಕದೊಡನೆ ಸೇರಿ ನೀರಾಗುತ್ತವೆ. ಪುಸ್ತಕದ ಪ್ರಕಾರ ಒಂದು ಕೋಶ 1.23 ವೋಲ್ಟು ಕೊಡಬೇಕು. ಕೆಲಸಕ್ಕೆ ಹಚ್ಚಿದಾಗ ಸಿಕ್ಕುವುದು 0.7ರ ಆಸುಪಾಸು. ಉಳಿದದ್ದು ಎಲ್ಲಿ ಸೋರಿತು?

ಸೋರಿಕೆಗಳು ಹಲವು. ನನ್ನ ಮನಸ್ಸು ನಿಂತದ್ದು ನೀರಿನ ಮೇಲೆ. ಪೊರೆ ಒದ್ದೆಯಾಗಿದ್ದರೆ ಮಾತ್ರ ಪ್ರೋಟಾನು ಸಲೀಸಾಗಿ ದಾಟುತ್ತದೆ. ಆದರೆ ದಾಟುವಾಗ ಅದು ನೀರನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಹೀಗಾಗಿ ಜಲಜನಕದ ಕಡೆ ಒಣಗುತ್ತದೆ, ಆಮ್ಲಜನಕದ ಕಡೆ ಜವಳಾಗುತ್ತದೆ! ಅತ್ತ ಹೆಚ್ಚಾದ ನೀರು ಕೊಂಚ ಮರಳಿ ಇತ್ತಲೂ ಜಿನುಗುತ್ತದೆ.

ಈ ಹೋಗುಬರುವಿನ ಲೆಕ್ಕವನ್ನು 1991ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಸ್ಪ್ರಿಂಗರ್ ಮತ್ತು ಸಂಗಡಿಗರು ಸಮೀಕರಣಗಳಲ್ಲಿ ಕಟ್ಟಿದರು. ಪೊರೆ ಎಷ್ಟು ನೀರು ಹೀರುತ್ತದೆಂದು ಮೊದಲು ಅಳೆದರು, ಆಮೇಲೆ ಲೆಕ್ಕ ಹಾಕಿದರು. ಸಾಧಾರಣ ಸ್ಥಿತಿಯಲ್ಲಿ ಪ್ರೋಟಾನು ಒಂದಕ್ಕೆ ನಿವ್ವಳವಾಗಿ ದಾಟುವ ನೀರು 0.2 ಅಣು ಮಾತ್ರ ಎಂದು ಕಂಡಿತು. ವಿದ್ಯುತ್ಪ್ರವಾಹ ಏರಿದಂತೆ ಪೊರೆಯ ಅಡ್ಡಿಯೂ ಏರುತ್ತದೆ, ಪೊರೆಯನ್ನು ತೆಳುವಾಗಿಸಿದರೆ ಈ ತೊಂದರೆ ಬಹಳ ತಗ್ಗುತ್ತದೆ ಎಂದೂ ಆ ಲೆಕ್ಕವೇ ಹೇಳಿತು.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಶುಕ್ಲಾ ಅವರು ಮೆಥನಾಲನ್ನೇ ನೇರವಾಗಿ ಉಣಿಸುವ ಕೋಶಗಳ ಮೇಲೆ ದೀರ್ಘಕಾಲ ದುಡಿದರು. ಮುಂದೆ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾಲಯದ ನಿರ್ದೇಶಕರೂ ಆದರು. ಅಲ್ಲಿನ ಪೇಚು ಇನ್ನೊಂದು: ಮೆಥನಾಲು ನೀರಿನೊಡನೆ ಪೊರೆ ನುಸುಳಿ, ಆಚೆ ವ್ಯರ್ಥವಾಗಿ ಉರಿದುಹೋಗುತ್ತದೆ. 2024ರ ಜನವರಿಯಲ್ಲಿ ಇಸ್ರೋ 100 ವ್ಯಾಟ್ ದರ್ಜೆಯ ಇಂಧನಕೋಶವನ್ನು ಅಂತರಿಕ್ಷದಲ್ಲಿಯೇ ಪರೀಕ್ಷಿಸಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. “ಬರೇ ಲೆಕ್ಕಾ ಬರ್ಕೋತ ಕುಂತ್ರ ಕೆಲಸ ಅಂತಾರೇನೋ ತಮ್ಮಾ?” ಎಂದು ಅಪ್ಪ ಅನ್ನುತ್ತಿದ್ದ. ಇದಿಷ್ಟನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ತೆಳ್ಳಗ ಮಾಡಿದ್ರ ಅದು ಹರಿಯಂಗಿಲ್ಲೇನು?” ಎಂದ.

ಹರಿಯುತ್ತದೆ, ಅನಿಲವೂ ನುಸುಳುತ್ತದೆ. ಎಷ್ಟು ತೆಳುವಾದರೆ ತಡೆದೀತು ಎಂಬುದನ್ನು ಮತ್ತೆ ಅಳೆಯಬೇಕು, ಮತ್ತೆ ಲೆಕ್ಕ ಹಾಕಬೇಕು ಎಂದೆ. ಅಪ್ಪ ತಲೆಯಾಡಿಸಿ, ಜವಳಿನ ಆ ತುಂಡನ್ನೂ ಒಮ್ಮೆ ಅಳೆಯೋಣ ನಡಿ ಎಂದ.