ಬ್ರೌಸರಿನ ಕಾವಲು

ಮಡಿಕೇರಿಯ ವಿದ್ಯಾರ್ಥಿಯೊಬ್ಬನು ತನ್ನ ಜಿಲ್ಲೆಯನ್ನು ಕುರಿತು ಜಾಲಪುಟವೊಂದನ್ನು ರಚಿಸುತ್ತಿರುವನೆಂದು ಭಾವಿಸೋಣ. ಕನ್ನಡ ವಿಕಿಪೀಡಿಯದ 'ಕೊಡಗು' ಎಂಬ ಲೇಖನದ ಮೊದಲ ಭಾಗವನ್ನು ತನ್ನ ಪುಟಕ್ಕೆ ತರಿಸಲು ಅವನು ಜಾವಾಸ್ಕ್ರಿಪ್ಟಿನಲ್ಲಿ ಕೋರಿಕೆಯೊಂದನ್ನು ಬರೆಯುತ್ತಾನೆ. ಲೇಖನವು ಬಾರದು, ದೋಷಸೂಚನೆ ಮಾತ್ರ ಕಾಣುವುದು. ಅದೇ ವಿಳಾಸವನ್ನು ಬ್ರೌಸರಿನಲ್ಲಿ ನೇರವಾಗಿ ಬರೆದರೆ ಬರಹವೆಲ್ಲವೂ ತೆರೆದುಕೊಳ್ಳುತ್ತದೆ! ಇದಕ್ಕೆ ಕಾರಣವೇನು?

ಬ್ರೌಸರನ್ನು ನಾವು ನಂಬಿಗಸ್ತನಾದ ಆಳಿಗೆ ಹೋಲಿಸಬಹುದು. ನಾವು ಬ್ಯಾಂಕಿನ ತಾಣವನ್ನು ಪ್ರವೇಶಿಸಿದಾಗ ನಮ್ಮ ಗುರುತಿನ ಚೀಟಿಯಾದ 'ಕುಕಿ'ಯು ಅವನ ಬಳಿ ಉಳಿಯುತ್ತದೆ. ಅಪರಿಚಿತ ಪುಟವೊಂದು, "ಈ ಚೀಟಿಯನ್ನು ತೋರಿಸಿ, ನಿನ್ನ ಒಡೆಯನ ಲೆಕ್ಕವನ್ನು ತಂದು ನನಗೆ ಕೊಡು" ಎಂದರೆ ಅವನು ಒಪ್ಪಬಹುದೆ? ಒಪ್ಪಿದರೆ ನಮ್ಮ ಗುಟ್ಟು ಬಯಲಾಗುವುದು. ಆದುದರಿಂದ, 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಕಾಣಿಸಿಕೊಂಡ ಸ್ವಲ್ಪ ಕಾಲದಲ್ಲಿಯೇ 'ಸಮಾನಮೂಲ ನಿಯಮ'ವು ಜಾರಿಗೆ ಬಂದಿತು. ವಿಳಾಸದ ಪ್ರೋಟೊಕಾಲ್, ಸರ್ವರಿನ ಹೆಸರು, ಪೋರ್ಟ್ ಸಂಖ್ಯೆ ಈ ಮೂರೂ ಹೊಂದಿದರೆ ಮಾತ್ರ ಮೂಲ ಒಂದೇ ಎನ್ನಿಸುವುದು. ಒಂದು ಬದಲಾದರೂ ಮೂಲ ಬೇರೆಯೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಓದುವುದಕ್ಕಷ್ಟೇ ಕಳುಹಿಸಿದ ಸರಳ ಕೋರಿಕೆಯು ಅನ್ಯ ಸರ್ವರನ್ನು ತಲುಪುತ್ತದೆ, ಉತ್ತರವೂ ಹಿಂದಿರುಗುತ್ತದೆ. ಆದರೆ ಬ್ರೌಸರು ಅದನ್ನು ಪುಟದ ಕೈಗೆ ಕೊಡದೆ ತಡೆಹಿಡಿಯುತ್ತದೆ. ಅಳಿಸುವ ಕೋರಿಕೆಯಂಥವುಗಳಾದರೆ, 'ಆಪ್ಷನ್ಸ್' ಎಂಬ ಮುನ್ಸೂಚನೆಯನ್ನು ಕಳುಹಿಸಿ ಮೊದಲೇ ಒಪ್ಪಿಗೆ ಕೇಳುತ್ತದೆ.

ಒಪ್ಪಿಗೆ ಕೊಡಬೇಕಾದವರು ಯಾರು? ಕೇಳುವವನಲ್ಲ, ಕೊಡುವವನು. 'ಕಾರ್ಸ್' ಎಂಬ ಪದ್ಧತಿಯು ಇದಕ್ಕಾಗಿಯೇ ಇದೆ; 2014ರ ಜನವರಿಯಲ್ಲಿ ಡಬ್ಲ್ಯೂ3ಸಿ ಸಂಸ್ಥೆಯು ಇದನ್ನು ಶಿಫಾರಸು ಮಾಡಿತು. ಸರ್ವರು ತನ್ನ ಉತ್ತರದ ತಲೆಬರಹದಲ್ಲಿ 'ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್' ಎಂಬ ಸಾಲಿನಲ್ಲಿ ನಮ್ಮ ಮೂಲವನ್ನು ಹೆಸರಿಸಿದರೆ ಬ್ರೌಸರು ಉತ್ತರವನ್ನು ಪುಟಕ್ಕೆ ಒಪ್ಪಿಸುತ್ತದೆ. ಆ ಸಾಲಿನಲ್ಲಿ ನಕ್ಷತ್ರಚಿಹ್ನೆಯಿದ್ದರೆ ಯಾವ ಪುಟವಾದರೂ ಓದಬಹುದೆಂದು ಅರ್ಥ. ಆದರೆ ಕುಕಿಯೊಡನೆ ಹೋದ ಕೋರಿಕೆಗೆ ಈ ಚಿಹ್ನೆ ಸಾಲದು.

ನಮ್ಮ ವಿದ್ಯಾರ್ಥಿಯ ತೊಡಕಿಗೆ ಪರಿಹಾರವು ಸುಲಭ. ವಿಕಿಪೀಡಿಯಕ್ಕೆ ಕಳುಹಿಸುವ ವಿಳಾಸದ ಕೊನೆಯಲ್ಲಿ 'ಒರಿಜಿನ್=*' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ, ಆ ಸರ್ವರು ಅವನನ್ನು ಹೆಸರಿಲ್ಲದ ಓದುಗನೆಂದು ಭಾವಿಸಿ ಅನುಮತಿಯ ಸಾಲನ್ನು ಕಳುಹಿಸುತ್ತದೆ. ಕೊಡಗಿನ ಲೇಖನವು ಪುಟದಲ್ಲಿ ಮೂಡುತ್ತದೆ.

ಕೆಲವರು ಆತುರದಿಂದ ಬ್ರೌಸರಿನ ಈ ಕಾವಲನ್ನೇ ತೆಗೆದುಹಾಕುವುದುಂಟು. ಅದು ತಕ್ಕ ಉಪಾಯವಲ್ಲ. ಆ ಕಾವಲು ಇರುವುದು ಬ್ರೌಸರನ್ನು ಬಳಸುವ ನಮ್ಮ ರಕ್ಷಣೆಗಾಗಿ ಎಂಬುದನ್ನು ನಾವು ಮರೆಯಬಾರದು.